ನೆನಪಿನ ಪಾಪನಿವೇದನೆ: ಮೇರಿ ಮೆಕಾರ್ಥಿ ಅವರ ಕಥೋಲಿಕ ಹರೆಯ

ಮಾನ್ಯರೇ,

ಅಮೆರಿಕದ ಲೇಖಕಿ ಮೇರಿ ಮೆಕಾರ್ಥಿ ತಮ್ಮ ಕಥೋಲಿಕ ಬಾಲ್ಯ ಮತ್ತು ಹರೆಯವನ್ನು ಕುರಿತ ಆತ್ಮಕಥನವನ್ನು 1957ರಲ್ಲಿ ಪ್ರಕಟಿಸಿದರು. ತಮ್ಮ ನೆನಪನ್ನೇ ಸುಲಭವಾಗಿ ನಂಬದೆ, ಅಧ್ಯಾಯಗಳ ಕೊನೆಯಲ್ಲಿ ಅದನ್ನು ಮರುವಿಚಾರಣೆಗೆ ಒಡ್ಡಿದ ಅವರ ನಿಷ್ಠುರತೆಯೇ ಇಂದು ನನ್ನ ವಿಷಯ.

1912ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಮೇರಿ 1918ರ ಇನ್‌ಫ್ಲುಯೆನ್ಜಾ ಪಿಡುಗಿನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು, ಮೂವರು ತಮ್ಮಂದಿರೊಡನೆ ಮಿನಿಯಾಪೊಲಿಸ್‌ನಲ್ಲಿ ಅಜ್ಜಿಯ ಸೋದರಿ ಮತ್ತು ಆಕೆಯ ಗಂಡನ ಆಸರೆಗೆ ಬಿದ್ದರು. ಅಲ್ಲಿ ಶಾಲೆಯ ಪ್ರಬಂಧಕ್ಕೆ ಬಹುಮಾನ ಬಂದಾಗಲೂ, ಹುಡುಗಿಗೆ ಜಂಬ ಬರಬಾರದೆಂದು ಏಟು ಬಿತ್ತು. ಒಮ್ಮೆ ಚಿಕ್ಕ ತಮ್ಮನ ತಗಡಿನ ಚಿಟ್ಟೆ ಕಾಣೆಯಾಯಿತು. ಮೇಜುಬಟ್ಟೆಯ ಅಡಿಯಲ್ಲಿ, ಮೇರಿ ಕೂರುವ ಜಾಗದಲ್ಲೇ ಅದು ಸಿಕ್ಕಿತು. ಎಷ್ಟು ಹೊಡೆದರೂ ಆಕೆ ಕದ್ದೆನೆಂದು ಒಪ್ಪಲಿಲ್ಲ. ಅದನ್ನು ಅಲ್ಲಿಟ್ಟವನು ಆ ಮನೆಯ ಯಜಮಾನನೇ ಎಂದು ತಮ್ಮಂದಿರಿಂದ ಮುಂದೆ ತಿಳಿಯಿತು ಎಂಬಲ್ಲಿಗೆ ಕಥನ ಮುಗಿಯುತ್ತದೆ. ಆದರೆ ಅದರ ಬೆನ್ನಿಗೇ ಬರುವ ಟಿಪ್ಪಣಿಯಲ್ಲಿ ಲೇಖಕಿ, ಕಾಲೇಜಿನಲ್ಲಿ ಇದೇ ಪ್ರಸಂಗವನ್ನು ನಾಟಕವಾಗಿಸಲು ಹೊರಟಾಗ ಅಧ್ಯಾಪಕಿಯೊಬ್ಬರು ಸೂಚಿಸಿದ ಊಹೆಯೇ ತಮ್ಮ ನೆನಪಿನೊಳಗೆ ಬೆರೆತಿರಬಹುದೆಂದು ಬರೆಯುತ್ತಾರೆ. ಇಷ್ಟು ಪರಿಣಾಮಕಾರಿಯಾದ ಮುಕ್ತಾಯವನ್ನು ತಾವೇ ಸಂಶಯಕ್ಕೊಳಪಡಿಸುವ ಧೈರ್ಯ ಎಷ್ಟು ಲೇಖಕರಿಗಿದೆ?

ಈ ಅಭ್ಯಾಸ ಪಾಪನಿವೇದನೆಗೆ (ಗುರುಗಳ ಮುಂದೆ ತನ್ನ ಪಾಪಗಳನ್ನು ಹೇಳಿಕೊಳ್ಳುವ ಕಥೋಲಿಕ ವಿಧಿಗೆ) ಮುಂಚಿನ ಆತ್ಮಶೋಧನೆಯಿಂದಲೇ ಬಂದಿರಬೇಕು ಎಂಬುದು ನನ್ನ ನಂಬಿಕೆ. ಮೊದಲ ಪರಮಪ್ರಸಾದದ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಯ) ಬೆಳಿಗ್ಗೆ ಮೇರಿ ಮರೆತು ನೀರು ಕುಡಿದಿದ್ದರು. ಪ್ರಸಾದ ಸ್ವೀಕರಿಸುವವರಿಗೆ ಮಧ್ಯರಾತ್ರಿಯಿಂದ ಹನಿ ನೀರೂ ಕೂಡದೆಂಬ ಆಗಿನ ನಿಯಮವನ್ನು ಚರ್ಚು ಸಡಿಲಿಸಿದ್ದು 1953ರಲ್ಲಿ. ಬಿಳಿಯುಡುಪು ತೊಟ್ಟು ಸಿದ್ಧವಾಗಿದ್ದ ಮಗುವಿಗೆ ಹಿಂಜರಿಯುವ ಧೈರ್ಯ ಬರಲಿಲ್ಲ. ಘೋರಪಾಪದಲ್ಲೇ ಪ್ರಸಾದ ಸ್ವೀಕರಿಸಿದೆನೆಂಬ ಹತಾಶೆ ಮಾತ್ರ ಉಳಿಯಿತು. ಅಂತಃಸಾಕ್ಷಿ ಅಷ್ಟು ಎಳವೆಯಲ್ಲೇ ಅಷ್ಟು ಹರಿತವಾಗಿತ್ತು.

1923ರಲ್ಲಿ ತಾಯಿಯ ತಂದೆ, ಪ್ರಾಟೆಸ್ಟಂಟ್ ವಕೀಲರು, ಆಕೆಯನ್ನು ಸಿಯಾಟಲ್‌ಗೆ ಕರೆದೊಯ್ದು ಸೇಕ್ರೆಡ್ ಹಾರ್ಟ್ ಸನ್ಯಾಸಿನಿಯರ ಕಾನ್ವೆಂಟಿಗೆ ಸೇರಿಸಿದರು. (ಬೆಂಗಳೂರಿನ ಸೋಫಿಯಾ ಶಾಲೆಯೂ ಇದೇ ಸನ್ಯಾಸಿನೀ ಸಂಘದ್ದು.) ಅಲ್ಲಿ ಎಲ್ಲರ ಗಮನ ಸೆಳೆಯಲೆಂದು ಆಕೆ, ಪ್ರಾರ್ಥನೆ, ಉಪದೇಶಗಳಿಗೆ ಮೀಸಲಾದ ಧ್ಯಾನಕೂಟದ ದಿನಗಳಲ್ಲಿ, ತನ್ನ ವಿಶ್ವಾಸ ಕಳೆದುಹೋಯಿತೆಂದು ಸಾರಿದಳು. ಕೂಟ ಮುಗಿಯುವ ಹೊತ್ತಿಗೆ ಮತ್ತೆ ನಂಬಿದಂತೆ ತೋರಿಸಿಕೊಂಡರಾಯಿತು ಎಂಬುದು ಲೆಕ್ಕಾಚಾರ. ಆದರೆ ಸಮಾಧಾನ ಹೇಳಲು ಬಂದ ಯೇಸುಸಭೆಯ (ಜೆಸ್ವಿಟ್) ಗುರುಗಳೊಡನೆ ವಾದಕ್ಕಿಳಿದಾಗ, ಅವರ ಉತ್ತರಗಳು ಸಾಲವೆಂದು ಆಕೆಗೇ ಮನವರಿಕೆಯಾಯಿತು. ನಟನೆಯ ಅವಿಶ್ವಾಸ ನಿಜವಾಯಿತು, ಮರಳಿ ನಂಬಿದ್ದು ಮಾತ್ರ ನಟನೆಯಾಗಿ ಉಳಿಯಿತು.

ಈ ಆತ್ಮಕಥನವನ್ನು ಚರ್ಚಿನ ಮೇಲಿನ ದಾಳಿ ಎಂದು ಓದುವವರ ಮಾತು ನನಗೆ ಒಪ್ಪಿಗೆಯಿಲ್ಲ. ಲ್ಯಾಟಿನ್, ಸಂತರ ಚರಿತ್ರೆ, ಯುರೋಪಿನ ವಿಚಾರಗಳ ಇತಿಹಾಸ, ಇವೆಲ್ಲ ಹನ್ನೆರಡು ತುಂಬುವುದರೊಳಗೆ ತಮಗೆ ದಕ್ಕಿದ್ದು ಕಥೋಲಿಕ ಶಿಕ್ಷಣದಿಂದಲೇ ಎಂದು ಅವರು ಕೃತಜ್ಞತೆಯಿಂದ ಬರೆದಿದ್ದಾರೆ.