ಹೆಸರುಗಳನ್ನು ಬಣ್ಣದಲ್ಲಿ ಓದುವುದು: ವರ್ಗೀಯ ದತ್ತಾಂಶದಿಂದ ಪೈಥಾನ್‌ನಲ್ಲಿ ಹೀಟ್‌ಮ್ಯಾಪ್

[ಪರದೆ: ಎರಡು ಕಾಲಂಗಳ ಉದ್ದನೆಯ ಪಟ್ಟಿ ನಿಧಾನವಾಗಿ ಮೇಲಕ್ಕೆ ಸರಿಯುತ್ತದೆ. ಶೀರ್ಷಿಕೆಗಳು: ತಾಲ್ಲೂಕು, ಮುಖ್ಯ ಬೆಳೆ.]

ನಮಸ್ಕಾರ. ಪರದೆಯ ಮೇಲೆ ಸರಿಯುತ್ತಿರುವ ಈ ಪಟ್ಟಿಯಲ್ಲಿ 400 ಸಾಲುಗಳಿವೆ, ಆದರೆ ಒಂದೇ ಒಂದು ಅಂಕಿಯಿಲ್ಲ. ಪ್ರತಿ ಸಾಲಿನಲ್ಲಿಯೂ ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರು, ಅದರ ಪಕ್ಕದಲ್ಲಿ ಒಬ್ಬ ರೈತರ ಮುಖ್ಯ ಬೆಳೆಯ ಹೆಸರು, ಇಷ್ಟು ಮಾತ್ರ ಇದೆ. ಇಂಥ ದತ್ತಾಂಶವನ್ನು ವರ್ಗೀಯ ದತ್ತಾಂಶ ಎನ್ನುತ್ತೇವೆ. ಇದರಿಂದ ಹೀಟ್‌ಮ್ಯಾಪ್ ತಯಾರಿಸುವುದು ಹೇಗೆ ಎಂಬುದು ಇಂದಿನ ವಿಷಯ. ಹೀಟ್‌ಮ್ಯಾಪ್ ಎಂದರೆ ಕೋಷ್ಟಕದ ಪ್ರತಿ ಮನೆಗೂ ಅದರಲ್ಲಿರುವ ಅಂಕಿಗೆ ತಕ್ಕ ಬಣ್ಣ ತುಂಬಿದ ಚಿತ್ರ.

ಮೊದಲೇ ಒಂದು ಮಾತು ಹೇಳಬೇಕು. ಈ 400 ಸಾಲುಗಳನ್ನು ಪಾಠಕ್ಕೆಂದು ನಾನೇ ಜೋಡಿಸಿದ್ದೇನೆ. ಇವನ್ನು ಜಿಲ್ಲೆಯ ನಿಜವಾದ ಅಂಕಿಅಂಶವೆಂದು ದಯವಿಟ್ಟು ಯಾರೂ ಬಳಸಬಾರದು. ಆದರೂ ನಮ್ಮ ಸೀಮೆಯ ನೆಲ ನೀರಿಗೆ ತೀರ ದೂರವಾಗದಂತೆ ಜೋಡಿಸಿದ್ದೇನೆ: ವಿಶ್ವೇಶ್ವರಯ್ಯ ನಾಲೆಯ ನೀರು ಕಾಣುವ ಮದ್ದೂರು, ಪಾಂಡವಪುರ, ಮಳವಳ್ಳಿಗಳಲ್ಲಿ ಭತ್ತ ಮತ್ತು ಕಬ್ಬು ಹೆಚ್ಚು, ಬಹುಪಾಲು ಮಳೆಯನ್ನೇ ನಂಬಿರುವ ನಾಗಮಂಗಲದಲ್ಲಿ ರಾಗಿ ಹೆಚ್ಚು.

[ಪರದೆ: ಭತ್ತ 0, ಕಬ್ಬು 1, ರಾಗಿ 2 ಎಂಬ ಸಂಕೇತ ಪಟ್ಟಿ. ಅದರ ಮೇಲೆ ಕೆಂಪು ಗೀಟು.]

ಹೀಟ್‌ಮ್ಯಾಪ್ ಎಂದೊಡನೆ ಅನೇಕ ವಿದ್ಯಾರ್ಥಿಗಳು ಮಾಡುವ ಮೊದಲ ಕೆಲಸವೆಂದರೆ, ಹೆಸರುಗಳಿಗೆ ಸೊನ್ನೆ, ಒಂದು, ಎರಡು ಎಂದು ಸಂಕೇತ ಕೊಟ್ಟು, ಆ ಸಂಕೇತಗಳ ನಡುವೆ ಸಹಸಂಬಂಧ (ಎರಡು ಅಂಕಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) ಲೆಕ್ಕ ಹಾಕಿ, ಬಂದ ಉತ್ತರಕ್ಕೆ ಬಣ್ಣ ಬಳಿಯುವುದು. ಕೋಡ್ ಯಾವ ದೋಷವನ್ನೂ ತೋರಿಸದೆ ಓಡುತ್ತದೆ, ಚಿತ್ರವೂ ಅಂದವಾಗಿ ಮೂಡುತ್ತದೆ, ಆದರೆ ಅದಕ್ಕೆ ಅರ್ಥವಿಲ್ಲ. ರಾಗಿಯು ಕಬ್ಬಿನ ಎರಡರಷ್ಟು ಎಂಬ ಮಾತನ್ನು ಯಾವ ರೈತರೂ ಒಪ್ಪುವುದಿಲ್ಲ. ಸಂಕೇತದ ಕ್ರಮವನ್ನು ಬದಲಿಸಿದರೆ ಚಿತ್ರವೂ ಬದಲಾಗುತ್ತದೆ. ಹೆಸರುಗಳಿಂದ ನ್ಯಾಯವಾಗಿ ಸಿಗುವ ಅಂಕಿಯೆಂದರೆ ಎಣಿಕೆ: ಯಾವ ಹೆಸರು ಯಾವ ಹೆಸರಿನ ಜೊತೆ ಎಷ್ಟು ಬಾರಿ ಬಂದಿದೆ ಎಂಬುದು.

ಕೋಷ್ಟಕಕ್ಕೆ ಬಣ್ಣ ತುಂಬುವ ವಿಚಾರ ಕಂಪ್ಯೂಟರಿಗಿಂತ ಹಳೆಯದು. 1873ರಲ್ಲಿಯೇ ಟೂಸಾಂ ಲೂವಾ ಎಂಬವರು ಪ್ಯಾರಿಸ್ ನಗರದ ವಿಭಾಗಗಳ ಸಾಮಾಜಿಕ ಅಂಕಿಅಂಶಗಳನ್ನು ಬಣ್ಣ ತುಂಬಿದ ಮನೆಗಳ ಕೋಷ್ಟಕವಾಗಿ ಪ್ರಕಟಿಸಿದ್ದರು.

[ಪರದೆ: ಕೋಡ್‌ನ ಮೊದಲ ಸಾಲುಗಳು. ಪಾಂಡಾಸ್, ಸೀಬಾರ್ನ್, ಮ್ಯಾಟ್‌ಪ್ಲಾಟ್‌ಲಿಬ್ ಇಂಪೋರ್ಟ್.]

ನಮಗೆ ಬೇಕಾದ ಲೈಬ್ರರಿಗಳು ಮೂರು. ಎಣಿಕೆಗೆ ಪಾಂಡಾಸ್, ಚಿತ್ರಕ್ಕೆ ಸೀಬಾರ್ನ್, ಅದರ ಅಡಿಪಾಯವಾಗಿರುವ ಮ್ಯಾಟ್‌ಪ್ಲಾಟ್‌ಲಿಬ್. ಕಡತವನ್ನು ತೆರೆದ ಕೂಡಲೇ ಎಣಿಕೆಗೆ ಧಾವಿಸಬೇಡಿ. ಪ್ರತಿ ಕಾಲಂನ ಮೇಲೆ ವ್ಯಾಲ್ಯೂ ಕೌಂಟ್ಸ್ ಓಡಿಸಿ, ಯಾವ ಯಾವ ಹೆಸರುಗಳಿವೆ ಎಂದು ಕಣ್ಣಾರೆ ನೋಡಿ. ಜನರು ಕೈಯಿಂದ ತುಂಬಿದ ಪಟ್ಟಿಯಲ್ಲಿ ಕೃಷ್ಣರಾಜಪೇಟೆಯು ಒಂದೆಡೆ ಪೂರ್ಣ ಹೆಸರಿನಲ್ಲಿ, ಇನ್ನೊಂದೆಡೆ ಕೆ.ಆರ್.ಪೇಟೆ ಎಂದು, ಮತ್ತೊಂದೆಡೆ ಚುಕ್ಕಿಗಳಿಲ್ಲದೆ ಇರುವುದು ತೀರ ಸಾಮಾನ್ಯ. ಕಂಪ್ಯೂಟರಿನ ಪಾಲಿಗೆ ಇವು ಮೂರು ಬೇರೆ ಬೇರೆ ಊರುಗಳು. ಹೆಸರಿನ ಕೊನೆಯಲ್ಲಿ ಕಾಣದಂತೆ ಕುಳಿತಿರುವ ಖಾಲಿ ಜಾಗವನ್ನು ಸ್ಟ್ರಿಪ್ ತೆಗೆಯುತ್ತದೆ, ಉಳಿದುದನ್ನು ರಿಪ್ಲೇಸ್‌ನಿಂದ ಒಂದೇ ರೂಪಕ್ಕೆ ತರಬಹುದು.

[ಪರದೆ: "ಜೋಳ" ಎಂಬ ಪದ ಎರಡು ಸಾಲುಗಳಲ್ಲಿ, ಬೇರೆ ಬೇರೆ ಎಣಿಕೆಗಳೊಡನೆ.]

ಕನ್ನಡದ ಲಿಪಿಯಲ್ಲಿ ಎದುರಾಗುವ ಒಂದು ತೊಡಕು ನನ್ನನ್ನು ಒಮ್ಮೆ ಅರ್ಧ ದಿನ ಕಾಡಿತ್ತು. ನಾನು ತಯಾರಿಸಿದ ಕೋಷ್ಟಕದಲ್ಲಿ ಜೋಳಕ್ಕೆ ಎರಡು ಕಾಲಂಗಳು ಬಂದಿದ್ದವು, ಎರಡರ ಕಾಗುಣಿತವೂ ಒಂದೇ, ಖಾಲಿ ಜಾಗವೂ ಇರಲಿಲ್ಲ. ಅಕ್ಷರಗಳ ಯುನಿಕೋಡ್ ಸಂಕೇತಗಳನ್ನು, ಅಂದರೆ ಪ್ರತಿ ಅಕ್ಷರಚಿಹ್ನೆಗೂ ಕಂಪ್ಯೂಟರ್ ಬಳಸುವ ಸಂಖ್ಯೆಗಳನ್ನು, ಒಂದೊಂದಾಗಿ ಮುದ್ರಿಸಿ ನೋಡಿದಾಗ ಗುಟ್ಟು ತಿಳಿಯಿತು. "ಜೋ" ಎಂಬಲ್ಲಿನ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂಬ ಮೂರು ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಎಣಿಕೆಗೆ ಬೇರೆ. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ನಾರ್ಮಲೈಸ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಎಂಬ ರೂಪವನ್ನು ಕೊಟ್ಟರೆ ಎಲ್ಲವೂ ಒಂದೇ ಚಿಹ್ನೆಗೆ ಬರುತ್ತವೆ. ಕನ್ನಡ ದತ್ತಾಂಶದ ಮೇಲೆ ಕೆಲಸ ಮಾಡುವವರು ಈ ಒಂದು ಸಾಲನ್ನು ಪ್ರತಿ ಪ್ರೋಗ್ರಾಮಿನ ಆರಂಭದಲ್ಲಿ ಬರೆದಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

[ಪರದೆ: ಪಿಡಿ ಡಾಟ್ ಕ್ರಾಸ್‌ಟ್ಯಾಬ್, ಆವರಣದಲ್ಲಿ ತಾಲ್ಲೂಕು ಕಾಲಂ ಮತ್ತು ಬೆಳೆ ಕಾಲಂ. ಕೆಳಗೆ ಕೋಷ್ಟಕ.]

ಈಗ ಎಣಿಕೆ. ಪಾಂಡಾಸ್‌ನ ಕ್ರಾಸ್‌ಟ್ಯಾಬ್‌ಗೆ ಎರಡು ಕಾಲಂಗಳನ್ನು ಕೊಟ್ಟರೆ, ಮೊದಲನೆಯದರ ಹೆಸರುಗಳು ಅಡ್ಡಸಾಲುಗಳಾಗಿ, ಎರಡನೆಯದರ ಹೆಸರುಗಳು ಕಂಬಸಾಲುಗಳಾಗಿ ನಿಲ್ಲುತ್ತವೆ, ಪ್ರತಿ ಮನೆಯಲ್ಲಿಯೂ ಒಂದು ಎಣಿಕೆ ಕೂರುತ್ತದೆ. ನಾಗಮಂಗಲದ 60 ರೈತರಲ್ಲಿ ಕಬ್ಬು 6, ಭತ್ತ 6, ರಾಗಿ 48. ಪಾಂಡವಪುರದ 120 ಮಂದಿಯಲ್ಲಿ ಕಬ್ಬು 48, ಭತ್ತ 54, ರಾಗಿ 18. ಮದ್ದೂರಿನ 160 ಮಂದಿಯಲ್ಲಿ ಕಬ್ಬು 72, ಭತ್ತ 64, ರಾಗಿ 24. ಮಳವಳ್ಳಿಯ 60 ಮಂದಿಯಲ್ಲಿ ಕಬ್ಬು 18, ಭತ್ತ 24, ರಾಗಿ 18.

ಈ ಕೋಷ್ಟಕವನ್ನು ಸೀಬಾರ್ನ್‌ನ ಹೀಟ್‌ಮ್ಯಾಪ್ ಫಂಕ್ಷನ್ನಿಗೆ ಕೊಟ್ಟು, ಅನಾಟ್ ಎಂಬುದನ್ನು ಟ್ರೂ ಮಾಡಿದರೆ ಬಣ್ಣದ ಮೇಲೆ ಅಂಕಿಯೂ ಮೂಡುತ್ತದೆ. ಎಫ್‌ಎಂಟಿ ಎಂಬ, ಅಂಕಿ ಮೂಡುವ ರೂಪವನ್ನು ಹೇಳುವ ಆಯ್ಕೆಗೆ ಡಿ (ಪೂರ್ಣಾಂಕ) ಎಂದು ಕೊಡಲು ಮರೆಯಬೇಡಿ. ಕೊಡದಿದ್ದರೆ ಎರಡಂಕಿಯವರೆಗೆ ತೊಂದರೆಯಿಲ್ಲ, ಆದರೆ 148 ಎಂಬ ಎಣಿಕೆ ಬಂದಾಗ ಅದು ಒಂದೂವರೆಯ ಮುಂದೆ ಹತ್ತರ ಘಾತ ಬರೆದ ರೂಪದಲ್ಲಿ ಕಾಣಿಸಿ, ನೋಡುವವರು ಗಾಬರಿಯಾಗುತ್ತಾರೆ. ಹಾಗೆಯೇ, ಕ್ರಾಸ್‌ಟ್ಯಾಬ್‌ನಲ್ಲಿ ಮಾರ್ಜಿನ್ಸ್ ಹಾಕಿ ಪಡೆದ ಒಟ್ಟು ಮೊತ್ತದ ಸಾಲನ್ನು ಚಿತ್ರದೊಳಗೆ ಸೇರಿಸಬಾರದು. 400 ಎಂಬ ಮೊತ್ತವೇ ಗಾಢ ಬಣ್ಣವನ್ನೆಲ್ಲ ಕಸಿದುಕೊಂಡು, ಉಳಿದ ಮನೆಗಳೆಲ್ಲ ಪೇಲವವಾಗಿ ಒಂದೇ ತೆರನಾಗಿ ಕಾಣುತ್ತವೆ.

[ಪರದೆ: ಎಣಿಕೆಯ ಹೀಟ್‌ಮ್ಯಾಪ್. ನಾಗಮಂಗಲದ ರಾಗಿ ಮತ್ತು ಪಾಂಡವಪುರದ ಕಬ್ಬು, ಎರಡು ಮನೆಗಳ ಸುತ್ತ ಕಪ್ಪು ಚೌಕಟ್ಟು.]

ಇಲ್ಲಿ ದಯವಿಟ್ಟು ಸ್ವಲ್ಪ ನಿಲ್ಲಿ. ಚೌಕಟ್ಟು ಹಾಕಿರುವ ಎರಡು ಮನೆಗಳನ್ನು ನೋಡಿ. ಎರಡರಲ್ಲಿಯೂ 48, ಆದ್ದರಿಂದ ಎರಡಕ್ಕೂ ಒಂದೇ ಬಣ್ಣ. ಆದರೆ ನಾಗಮಂಗಲದ 48 ಎಂದರೆ ಆ ತಾಲ್ಲೂಕಿನ ಪಟ್ಟಿಯಲ್ಲಿರುವ ಶೇಕಡಾ 80 ಮಂದಿ. ಪಾಂಡವಪುರದ 48 ಎಂದರೆ ಶೇಕಡಾ 40 ಮಂದಿ. ಮದ್ದೂರಿನ ಕಬ್ಬಿನ ಮನೆ ಎಲ್ಲಕ್ಕಿಂತ ಗಾಢವಾಗಿರುವುದಕ್ಕೂ, ಪಟ್ಟಿಯಲ್ಲಿ ಮದ್ದೂರಿನವರೇ ಹೆಚ್ಚು ಮಂದಿ ಇರುವುದು ಒಂದು ಕಾರಣ. ಎಣಿಕೆಯ ಹೀಟ್‌ಮ್ಯಾಪ್ ಸುಳ್ಳು ಹೇಳುವುದಿಲ್ಲ, ಆದರೆ ಅದು ಉತ್ತರಿಸುತ್ತಿರುವುದು ನಾವು ಕೇಳಬೇಕೆಂದಿದ್ದ ಪ್ರಶ್ನೆಯನ್ನಲ್ಲ.

ಕ್ರಾಸ್‌ಟ್ಯಾಬ್‌ನಲ್ಲಿ ನಾರ್ಮಲೈಸ್ ಎಂಬ ಆಯ್ಕೆಯಿದೆ. ಅದಕ್ಕೆ ಇಂಡೆಕ್ಸ್ ಎಂದು ಕೊಟ್ಟರೆ ಪ್ರತಿ ಅಡ್ಡಸಾಲನ್ನೂ ಅದರದೇ ಮೊತ್ತದಿಂದ ಭಾಗಿಸಲಾಗುತ್ತದೆ, ಆಗ ಪ್ರಶ್ನೆ, "ಈ ತಾಲ್ಲೂಕಿನವರಲ್ಲಿ ಎಷ್ಟು ಪಾಲು ರಾಗಿ ಬೆಳೆಯುತ್ತಾರೆ?" ಎಂಬುದು. ಕಾಲಮ್ಸ್ ಎಂದು ಕೊಟ್ಟರೆ ಪ್ರತಿ ಕಂಬಸಾಲನ್ನು ಭಾಗಿಸಲಾಗುತ್ತದೆ, ಆಗ ಪ್ರಶ್ನೆ, "ರಾಗಿ ಬೆಳೆಯುವವರಲ್ಲಿ ಎಷ್ಟು ಪಾಲು ಈ ತಾಲ್ಲೂಕಿನವರು?" ಎಂಬುದು. ಅದೇ ನಾಗಮಂಗಲದ ರಾಗಿಯ ಮನೆ ಮೊದಲ ಬಗೆಯಲ್ಲಿ ಶೇಕಡಾ 80, ಎರಡನೆಯ ಬಗೆಯಲ್ಲಿ 108ರಲ್ಲಿ 48, ಅಂದರೆ ಸುಮಾರು ಶೇಕಡಾ 44. ಯಾವುದರಿಂದ ಭಾಗಿಸುತ್ತೇವೆ ಎಂಬುದೇ ಇಡೀ ಚಿತ್ರದ ಜೀವ. ಬಣ್ಣಪಟ್ಟಿಯನ್ನು ಆರಿಸಲು ನಾವು ಕಳೆಯುವ ಸಮಯದ ಅರ್ಧದಷ್ಟನ್ನಾದರೂ ಇದಕ್ಕೆ ಕೊಡಬೇಕು. ಭಾಗಿಸಿದ ಮೇಲೆ ಅಂಕಿಗಳು ದಶಮಾಂಶಕ್ಕೆ ತಿರುಗುವುದರಿಂದ, ಎಫ್‌ಎಂಟಿಯಲ್ಲಿ ಡಿ ಎಂದೇ ಬಿಟ್ಟರೆ ದೋಷ ಬರುತ್ತದೆ. ಅಲ್ಲಿ ಚುಕ್ಕಿ, ಸೊನ್ನೆ, ಶೇಕಡಾ ಚಿಹ್ನೆ ಎಂದು ಬರೆಯಿರಿ, ಆಗ 0.8 ಎಂಬುದು 80% ಎಂದು ಮೂಡುತ್ತದೆ.

[ಪರದೆ: ಹಿಡುವಳಿಯ ಗಾತ್ರದ ವರ್ಗಗಳು, ಅಕಾರಾದಿ ಕ್ರಮದಲ್ಲಿ.]

ಸಾಲುಗಳ ಕ್ರಮದ ವಿಚಾರ ಬೇಗ ಮುಗಿಸುತ್ತೇನೆ. ಕ್ರಾಸ್‌ಟ್ಯಾಬ್ ಹೆಸರುಗಳನ್ನು ತಾನಾಗಿಯೇ ಅಕ್ಷರ ಕ್ರಮದಲ್ಲಿ ಜೋಡಿಸುತ್ತದೆ. ತಾಲ್ಲೂಕುಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಹಿಡುವಳಿಯನ್ನು ಅತಿಸಣ್ಣ, ಸಣ್ಣ, ಮಧ್ಯಮ, ದೊಡ್ಡ ಎಂದು ವಿಂಗಡಿಸಿದ್ದರೆ, ಅಕಾರಾದಿಯಲ್ಲಿ ಅತಿಸಣ್ಣದ ಪಕ್ಕದಲ್ಲಿಯೇ ದೊಡ್ಡ ಬಂದು ಕೂರುತ್ತದೆ, ಬಣ್ಣದ ಏರಿಳಿತ ಚೂರುಚೂರಾಗುತ್ತದೆ. ಪಾಂಡಾಸ್‌ನ ಕೆಟಗಾರಿಕಲ್ ಬಳಸಿ, ಆರ್ಡರ್ಡ್ ಎಂಬುದನ್ನು ಟ್ರೂ ಮಾಡಿ, ಕ್ರಮವನ್ನು ನೀವೇ ಹೇಳಬೇಕು.

[ಪರದೆ: "ಕಬ್ಬು" ಎಂಬ ಪದ ಒಡೆದು ನಿಂತಿರುವ ಹೀಟ್‌ಮ್ಯಾಪಿನ ಸಮೀಪ ನೋಟ.]

ಇನ್ನು ಕನ್ನಡ ಹೆಸರುಗಳು. ಮ್ಯಾಟ್‌ಪ್ಲಾಟ್‌ಲಿಬ್‌ನ ಜೊತೆಗೆ ಬರುವ ಡೇಜಾವು ಸ್ಯಾನ್ಸ್ ಅಕ್ಷರಶೈಲಿಯಲ್ಲಿ ಕನ್ನಡವಿಲ್ಲ, ಆದ್ದರಿಂದ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಅಕ್ಷರಶೈಲಿಯನ್ನು ಹಾಕಿಕೊಂಡರೆ ಅಕ್ಷರಗಳೇನೋ ಬರುತ್ತವೆ, ಆದರೆ ನಾನು ಬಳಸುತ್ತಿರುವ ಆವೃತ್ತಿಯಲ್ಲಿ ಒತ್ತಕ್ಷರಗಳು ಕೂಡುವುದಿಲ್ಲ. ಪರದೆಯ ಮೇಲೆ ನೋಡಿ: "ಕಬ್ಬು" ಎಂಬಲ್ಲಿ ಬಕಾರದ ಒತ್ತು ಕೆಳಗೆ ಇಳಿಯದೆ, ಹಲಂತದ ಗುರುತು, ಇನ್ನೊಂದು ಬಕಾರ, ಕೊಂಬು ಎಲ್ಲವೂ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ನಮ್ಮ ಭಾಷೆಯ ಹೆಸರನ್ನು ಹೀಗೆ ಒಡೆದು ಹಳ್ಳಿಯ ಜನರ ಮುಂದೆ ಇಡಲು ನನಗೆ ಮನಸ್ಸು ಬರುವುದಿಲ್ಲ.

ಬ್ರೌಸರ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಆದ್ದರಿಂದ ಚಿತ್ರವನ್ನು ಬ್ರೌಸರಿನ ಕೈಗೆ ಒಪ್ಪಿಸುವುದು ಸುಲಭದ ದಾರಿ. ಪ್ಲಾಟ್ಲಿ ಎಂಬ ಇನ್ನೊಂದು ಲೈಬ್ರರಿಯ ಎಕ್ಸ್‌ಪ್ರೆಸ್ ಭಾಗದಲ್ಲಿರುವ ಇಮ್‌ಶೋ ಇದೇ ಕೋಷ್ಟಕವನ್ನು ತೆಗೆದುಕೊಂಡು ಹೀಟ್‌ಮ್ಯಾಪ್ ಕೊಡುತ್ತದೆ. ಬ್ರೌಸರಿನಲ್ಲಿಯೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ಇನ್ನೂ ಚಿಕ್ಕ ದಾರಿಯೆಂದರೆ ಕೋಷ್ಟಕದ ಮೇಲೆಯೇ ಸ್ಟೈಲ್ ಡಾಟ್ ಬ್ಯಾಕ್‌ಗ್ರೌಂಡ್ ಗ್ರೇಡಿಯಂಟ್ ಹಾಕುವುದು. ಆದರೆ ಎಚ್ಚರ: ಅದು ಹೇಳದಿದ್ದರೆ ಪ್ರತಿ ಕಂಬಸಾಲಿಗೂ ಬೇರೆ ಬೇರೆ ಅಳತೆಯಲ್ಲಿ ಬಣ್ಣ ಹಚ್ಚುತ್ತದೆ. ಆಕ್ಸಿಸ್ ಎಂಬುದಕ್ಕೆ ನನ್ ಎಂದು ಕೊಟ್ಟಾಗ ಮಾತ್ರ ಇಡೀ ಕೋಷ್ಟಕಕ್ಕೆ ಒಂದೇ ಅಳತೆ ಸಿಗುತ್ತದೆ.

[ಪರದೆ: ಕೊನೆಯ ಚಿತ್ರ. ಕೆಂಪು, ಬಿಳಿ, ನೀಲಿ.]

ಕೊನೆಯದಾಗಿ, ನನಗೆ ಅತ್ಯಂತ ಇಷ್ಟವಾದ ಚಿತ್ರ. ತಾಲ್ಲೂಕಿಗೂ ಬೆಳೆಗೂ ಯಾವ ಸಂಬಂಧವೂ ಇಲ್ಲದಿದ್ದರೆ ಪ್ರತಿ ಮನೆಯಲ್ಲಿ ಎಷ್ಟು ಇರಬೇಕಿತ್ತು? ಸಾಲಿನ ಮೊತ್ತವನ್ನು ಕಂಬದ ಮೊತ್ತದಿಂದ ಗುಣಿಸಿ, ಒಟ್ಟು ಮೊತ್ತದಿಂದ ಭಾಗಿಸಿದರೆ ಆ ನಿರೀಕ್ಷಿತ ಸಂಖ್ಯೆ ದೊರೆಯುತ್ತದೆ. ನಾಗಮಂಗಲದ ರಾಗಿಗೆ 60ನ್ನು 108ರಿಂದ ಗುಣಿಸಿ 400ರಿಂದ ಭಾಗಿಸಿದರೆ 16.2. ಇರುವುದು 48. ವ್ಯತ್ಯಾಸವನ್ನು ನಿರೀಕ್ಷಿತ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸುಮಾರು 7.9 ಬರುತ್ತದೆ, ಇದಕ್ಕೆ ಪಿಯರ್ಸನ್ ಶೇಷ ಎಂದು ಹೆಸರು, ಎಣಿಕೆಗಳು ನಿರೀಕ್ಷೆಯಿಂದ ಎಷ್ಟು ದೂರ ಎಂದು ಅಳೆಯಲು ಕಾರ್ಲ್ ಪಿಯರ್ಸನ್ 1900ರಲ್ಲಿ ಮುಂದಿಟ್ಟ ಕೈ ವರ್ಗ ಪರೀಕ್ಷೆಯ ಬೀಜ ಇದೇ. ಸೈಪೈ ಎಂಬ ಲೈಬ್ರರಿಯ ಕೈ2 ಕಂಟಿಂಜೆನ್ಸಿ ಫಂಕ್ಷನ್ ಎಲ್ಲ ಮನೆಗಳ ನಿರೀಕ್ಷಿತ ಸಂಖ್ಯೆಗಳನ್ನೂ ಒಂದೇ ಬಾರಿಗೆ ಕೊಡುತ್ತದೆ.

ಶೇಷಗಳು ಸೊನ್ನೆಯ ಎರಡೂ ಬದಿಗೆ ಹೋಗುವುದರಿಂದ ಇಲ್ಲಿ ಎರಡು ತುದಿಗಳ ಬಣ್ಣಪಟ್ಟಿ ಬೇಕು: ಸಿಮ್ಯಾಪ್‌ಗೆ ಆರ್‌ಡಿಬಿಯು (ಕಡಿಮೆಗೆ ಕೆಂಪು, ಹೆಚ್ಚಿಗೆ ನೀಲಿ), ಸೆಂಟರ್‌ಗೆ ಸೊನ್ನೆ. ಈಗ ಮತ್ತೆ ಆ ಎರಡು 48ಗಳನ್ನು ನೋಡಿ. ನಾಗಮಂಗಲದ ರಾಗಿ ದಟ್ಟ ನೀಲಿ. ಪಾಂಡವಪುರದ ಕಬ್ಬು 0.7ರಲ್ಲಿ ನಿಂತು ಬಹುತೇಕ ಬಿಳಿ. ರಾಗಿಯ ಎರಡು 18ಗಳನ್ನೂ ನೋಡಿ. ಮಳವಳ್ಳಿಯದು ನಿರೀಕ್ಷೆಗಿಂತ ತುಸುವೇ ಮೇಲೆ, ಪಾಂಡವಪುರದ್ದು ಋಣ 2.5, ನಸುಗೆಂಪು. ಎಣಿಕೆಯ ಚಿತ್ರದಲ್ಲಿ ಇವು ಬೇರೆಯಾಗಿ ಕಾಣಲು ಸಾಧ್ಯವೇ ಇರಲಿಲ್ಲ.

[ಪರದೆ: ಚಿತ್ರದ ಶೀರ್ಷಿಕೆಯನ್ನು ಬರೆಯುವ ಸಾಲು.]

ಚಿತ್ರವನ್ನು ಉಳಿಸುವ ಮುನ್ನ ಶೀರ್ಷಿಕೆಯಲ್ಲಿ "ತಾಲ್ಲೂಕು ಮತ್ತು ಬೆಳೆ" ಎಂದಷ್ಟೇ ಬರೆದು ಬಿಡಬೇಡಿ. "ಪ್ರತಿ ತಾಲ್ಲೂಕಿನ ರೈತರಲ್ಲಿ ಶೇಕಡಾ ಪಾಲು" ಎಂದೋ, "ನಿರೀಕ್ಷೆಗಿಂತ ಹೆಚ್ಚು ಕಡಿಮೆ" ಎಂದೋ ಬರೆಯಿರಿ, ಅದರ ಕೆಳಗೆ ಒಟ್ಟು 400 ಮಂದಿ ಎಂಬುದನ್ನೂ ಸೇರಿಸಿ.