ರೆಂಬ್ರಾಂಟ್: ದಿವಾಳಿಯ ಪಟ್ಟಿಯಿಂದ ಎದ್ದುನಿಂತ ಮನೆ

ನೀವೀಗ ನೋಡುತ್ತಿರುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ, ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಮನೆ. ಲೈಡನ್ ಪಟ್ಟಣದ ಗಿರಣಿಯವನೊಬ್ಬನ ಮಗನಾಗಿ 1606ರಲ್ಲಿ ಹುಟ್ಟಿ, ಈ ಶಹರಿಗೆ ಬಂದು ಹೆಸರು ಮಾಡಿದ ಮೇಲೆ, 1639ರಲ್ಲಿ 13,000 ಗಿಲ್ಡರುಗಳಿಗೆ (ಆಗಿನ ಡಚ್ ನಾಣ್ಯ) ಅವನು ಇದನ್ನು ಕೊಂಡ. ಪೂರ್ತಿ ಹಣ ಕೈಯಲ್ಲಿರಲಿಲ್ಲವಾದ್ದರಿಂದ ಉಳಿದದ್ದನ್ನು ಕಂತುಗಳಲ್ಲಿ ತೀರಿಸುವುದೆಂದು ಒಪ್ಪಂದವಾಯಿತು.

ಮಹಡಿಯ ಈ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಕಪಾಟಿನ ಮೇಲೆ ರೋಮನ್ ಚಕ್ರವರ್ತಿಗಳ ತಲೆಗಳು, ಅವುಗಳ ಪಕ್ಕದಲ್ಲಿ ಸಮುದ್ರದ ಚಿಪ್ಪುಗಳು, ಹವಳದ ಕೊಂಬೆಗಳು, ಶಿರಸ್ತ್ರಾಣಗಳು. ಇವು ಅವನು ಮುಟ್ಟಿದ ವಸ್ತುಗಳೇ ಅಲ್ಲ. 1656ರ ಜುಲೈನಲ್ಲಿ, ಸಾಲ ತೀರಿಸಲಾರೆನೆಂದು ಅವನು ಕೈಚೆಲ್ಲಿದಾಗ, ಗುಮಾಸ್ತನೊಬ್ಬ ಕೋಣೆಯಿಂದ ಕೋಣೆಗೆ ಹೋಗಿ 363 ನಮೂದುಗಳ ಜಪ್ತಿ ಪಟ್ಟಿಯನ್ನು ಬರೆದ. ಅದನ್ನೇ ಆಧಾರವಾಗಿಟ್ಟುಕೊಂಡು ವಸ್ತುಸಂಗ್ರಹಾಲಯದವರು ಮನೆಯನ್ನು ಮತ್ತೆ ಸಜ್ಜುಗೊಳಿಸಿದ್ದಾರೆ.

ನಗರದ ಕಾವಲು ಪಡೆಯವರನ್ನು ತೋರಿಸುವ ಅವನ ‘ನೈಟ್ ವಾಚ್’ ಚಿತ್ರವನ್ನು ಜನ ಮೆಚ್ಚದೆ ಅವನು ಹಾಳಾದನೆಂಬ ಕತೆ ಬಹಳ ಓಡಾಡುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಏಕೆಂದರೆ 1642ರ ಆ ಚಿತ್ರಕ್ಕೆ ಸುಮಾರು 1,600 ಗಿಲ್ಡರು ಸಂದಿತ್ತು, ಅದು ಸಣ್ಣ ಮೊತ್ತವಲ್ಲ. ಅವನನ್ನು ಮುಳುಗಿಸಿದ್ದು ಹರಾಜುಗಳಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಳ್ಳುವ ಚಟ, ತೀರದ ಮನೆಸಾಲ, ಮತ್ತು 1652ರಲ್ಲಿ ಇಂಗ್ಲೆಂಡಿನೊಡನೆ ಶುರುವಾದ ಯುದ್ಧದಿಂದ ಬಿಗಿಯಾದ ಹಣದ ಮಾರುಕಟ್ಟೆ.

ಮನೆಯೊಳಗಿನ ದುಃಖ ಬೇರೆಯೇ ಇತ್ತು. ಹೆಂಡತಿ ಸಾಸ್ಕಿಯಾಗೆ ಹುಟ್ಟಿದ ನಾಲ್ವರಲ್ಲಿ ಮಗ ಟೈಟಸ್ ಒಬ್ಬನೇ ಉಳಿದ. 1642ರಲ್ಲಿ ಅವಳೂ ತೀರಿಕೊಂಡಳು. ಅನಂತರ ಮಗುವನ್ನು ನೋಡಿಕೊಂಡ ಗೇರ್ಟ್ಯೆ ಡಿರ್ಕ್ಸ್, ಮದುವೆಯಾಗುವುದಾಗಿ ಮಾತು ಕೊಟ್ಟು ತಪ್ಪಿದನೆಂದು ದೂರು ಕೊಟ್ಟಾಗ, ಅವಳನ್ನು ಗೌಡಾ ಪಟ್ಟಣದ ಸೆರೆಮನೆಗೆ ಕಳಿಸುವುದರಲ್ಲಿ ರೆಂಬ್ರಾಂಟ್‌ನ ಕೈಯೂ ಇತ್ತು. ಅವನ ಕಷ್ಟಗಳನ್ನು ಹೇಳುವವರು ಇದನ್ನು ನುಂಗಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

1658ರಲ್ಲಿ ಮನೆ ಹರಾಜಾದ ಬಳಿಕ ಅವನು ರೋಸನ್‌ಗ್ರಾಕ್ಟ್ ಎಂಬಲ್ಲಿ ಬಾಡಿಗೆಗೆ ಹೋದ. ಸಾಲ ಕೊಟ್ಟವರು ಹೊಸ ಚಿತ್ರಗಳ ಮೇಲೆ ಕೈಹಾಕದಂತೆ, ಸಂಗಾತಿ ಹೆಂಡ್ರಿಕ್ಯೆ ಸ್ಟೋಫಲ್ಸ್ ಮತ್ತು ಟೈಟಸ್ ಸೇರಿ ವ್ಯಾಪಾರವೊಂದನ್ನು ತೆರೆದು, ಅವನನ್ನೇ ಅದರ ನೌಕರನನ್ನಾಗಿ ಇಟ್ಟುಕೊಂಡರು! 1662ರಲ್ಲಿ ಸಾಸ್ಕಿಯಾಳ ಸಮಾಧಿಯ ಜಾಗವನ್ನೂ ಮಾರಬೇಕಾಯಿತು.

ನಮ್ಮವರಿಗೆ ಕುತೂಹಲವಾಗುವ ಸಂಗತಿಯೆಂದರೆ, ಇದೇ ಬಿಕ್ಕಟ್ಟಿನ ವರ್ಷಗಳಲ್ಲಿ ಅವನು ಮೊಘಲ್ ಕಿರುಚಿತ್ರಗಳನ್ನು ನೋಡಿ, ಪೂರ್ವ ದೇಶಗಳಿಂದ ಬಂದ ನಯವಾದ ಕಾಗದದ ಮೇಲೆ ಜಹಾಂಗೀರ, ಷಾಜಹಾನರನ್ನು ಬರೆದ. ಬಣ್ಣವನ್ನು ದಪ್ಪಕ್ಕೆ ಮೆತ್ತುತ್ತಿದ್ದ ಅದೇ ಕೈ ಅಲ್ಲಿ ಪೇಟದ ಮಡಿಕೆ, ಜಾಮಾದ ಅಂಚುಗಳನ್ನು ಕೂದಲೆಳೆಯ ಗೆರೆಗಳಲ್ಲಿ ಹಿಡಿದಿದೆ. ಅಂಥ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಉಳಿದಿವೆ.

ರೋಮನ್ನರ ವಿರುದ್ಧ ದಂಗೆಯೆದ್ದ ಪ್ರಾಚೀನ ನಾಯಕನೊಬ್ಬನ ಕುರಿತು ಪುರಭವನಕ್ಕೆಂದು ಬರೆದ ‘ಕ್ಲಾಡಿಯಸ್ ಸಿವಿಲಿಸ್’ ಎಂಬ ಬೃಹತ್ ಚಿತ್ರವನ್ನು ನಗರದವರು 1662ರಲ್ಲಿ ವಾಪಸು ಕಳಿಸಿದರು. ಕತ್ತರಿಸಿ ಚಿಕ್ಕದು ಮಾಡಿದ ಅದರ ನಡುಭಾಗ ಈಗ ಸ್ಟಾಕ್‌ಹೋಮ್‌ನಲ್ಲಿದೆ. ಆದರೆ ಅದೇ ವರ್ಷ ಬಟ್ಟೆ ವರ್ತಕರ ಸಂಘಕ್ಕಾಗಿ ಮುಗಿಸಿದ ‘ಸಿಂಡಿಕ್ಸ್’ (ಬಟ್ಟೆಯ ಗುಣಮಟ್ಟ ಪರೀಕ್ಷಿಸುವವರ ಗುಂಪುಚಿತ್ರ) ಇದೇ ಊರಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಮುಂದಿನ ಭಾಗದಲ್ಲಿ ಅಲ್ಲಿಗೇ ಹೋಗೋಣ.