ಮೊದಲು ಕೇಳಿ, ಪ್ರಸಂಗ ಆಮೇಲೆ

ಕೇಳುಗರಿಗೆ ನಮಸ್ಕಾರ. ಸಭಾಪಾಲಕರಾಗಲು ಬರುವ ಹುಡುಗ ಹುಡುಗಿಯರಿಗೆ ಪಾಠ ಹೇಳುವುದು ನನ್ನ ಕೆಲಸ. ಸಭಾಪಾಲಕರು ಅಂದರೆ ಚರ್ಚಿನ ಸಭೆಯವರು ಅಯ್ಯನವರು ಅಂತ ಕರೆಯುತ್ತಾರಲ್ಲ, ಅವರೇ. ಈ ತರಬೇತಿ ಅಂದರೆ ಬೈಬಲ್ ಬಾಯಿಪಾಠ, ಗ್ರೀಕ್ ವ್ಯಾಕರಣ ಅಂದುಕೊಂಡವರೇ ಜಾಸ್ತಿ. ಅದೂ ಇದೆ. ಆದರೆ ಮೊದಲ ದಿನವೇ ನಾನು ಹೇಳುವುದು ಒಂದೇ ಮಾತು: ಮೊದಲು ಕೇಳಿ, ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಆಮೇಲೆ.

ಮಂಗಳೂರಿಗೆ ಇದು ಹಳೇ ಪಾಠ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಬಂದಿಳಿದಾಗ ಕನ್ನಡ, ತುಳು ಕಲಿಯದೆ ಒಂದು ಹೆಜ್ಜೆ ಮುಂದೆ ಹೋಗುವಂತಿರಲಿಲ್ಲ. ಜನರ ಮಾತು ಕೇಳಿಸಿಕೊಂಡೇ ಕಲಿತರು. ಸಭಾಪಾಲಕರನ್ನು ತಯಾರು ಮಾಡುವ ಅವರ ಶಾಲೆ, ಅಂದರೆ ಸೆಮಿನರಿ, 1847ರಲ್ಲಿ ಶುರುವಾಯಿತು. 1965ರಲ್ಲಿ ತುಮಕೂರಿನ ಸೆಮಿನರಿಯೂ ಸೇರಿ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಆಯಿತು.

ಈಗ ಒಂದು ಕತೆ. ಒಬ್ಬ ವಿದ್ಯಾರ್ಥಿಯನ್ನು ಭಾನುವಾರಗಳಂದು ಒಂದು ಹಳ್ಳಿ ಸಭೆಗೆ ಕಳಿಸಿದ್ದೆವು. ಚುರುಕು ಹುಡುಗ. ಬೈಬಲಿನಲ್ಲಿ ಕಪೆರ್ನೌಮ್ ಊರಿನಲ್ಲಿ ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮನೆಯ ಮಾಡು ಬಿಚ್ಚಿ ಯೇಸುವಿನ ಮುಂದೆ ಇಳಿಸಿದರಲ್ಲ, ಅದರ ಮೇಲೆ ನಲವತ್ತು ನಿಮಿಷ ಪ್ರಸಂಗ. ಆರಾಧನೆ ಮುಗಿಸಿ ಹೊರಗೆ ಬಂದರೆ ಅಂಗಳದ ತಗಡಿನ ಚಪ್ಪರದಡಿ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜ. ಒಳಗೆ ಹೋಗಲು ಐದು ಮೆಟ್ಟಿಲು. ಅಜ್ಜ ಎಷ್ಟೋ ವರ್ಷದಿಂದ ಹೊರಗೇ!

"ಪ್ರಸಂಗ ಹೇಗಿತ್ತು ಅಜ್ಜಾ?"

"ತಗಡಿನ ಮೇಲೆ ಮಳೆ ಮಾರಾಯ್ರೆ. ಅರ್ಧ ಕೇಳಿಸಲೇ ಇಲ್ಲ."

ಹುಡುಗನಿಗೆ ನಾಚಿಕೆಯಾಯಿತು. ಮುಂದಿನ ವಾರ ಯುವಕರನ್ನು ಕಟ್ಟಿಕೊಂಡು ಮುರಕಲ್ಲು ತರಿಸಿ, ಸಿಮೆಂಟ್ ಬಳಿದು ಹತ್ತಡಿ ಉದ್ದದ ಇಳಿಜಾರು ಕಟ್ಟಿಯೇಬಿಟ್ಟ. ಅಜ್ಜನನ್ನು ಹತ್ತಿಸಲು ಇಬ್ಬರು ದೂಡಬೇಕಾಯಿತು. ಇಳಿಯುವಾಗ ಕುರ್ಚಿ ಕೈತಪ್ಪಿ ಸೀದಾ ತೆಂಗಿನ ಬುಡಕ್ಕೆ. ಪುಣ್ಯ, ಅಜ್ಜನಿಗೆ ಏನೂ ಆಗಲಿಲ್ಲ. ಬೈದರು ಮಾತ್ರ ಚೆನ್ನಾಗಿ.

ಆಗ ಗೊತ್ತಾಯಿತು, ಅಜ್ಜ ಮೂವತ್ತು ವರ್ಷ ಗಾರೆ ಮೇಸ್ತ್ರಿ! ಯಾರೂ ಒಂದು ಮಾತು ಕೇಳಿರಲಿಲ್ಲ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ಐದು ಮೆಟ್ಟಿಲು ಅಂದರೆ ಎರಡೂವರೆ ಅಡಿ, ಹಾಗಾಗಿ ಮೂವತ್ತಡಿ. ಅಷ್ಟು ಜಾಗ ಅಂಗಳದಲ್ಲಿ ಇಲ್ಲ. ಅಜ್ಜ ಕೋಲಿನಿಂದ ನೆಲದಲ್ಲಿ ಗೆರೆ ಎಳೆದರು. ಗೋಡೆ ಬದಿಗೆ ಹದಿನೈದಡಿ, ಮೂಲೆಯಲ್ಲಿ ಕುರ್ಚಿ ತಿರುಗಿಸಲು ಸಮತಟ್ಟು ಜಾಗ, ಅಲ್ಲಿಂದ ಮತ್ತೆ ಹದಿನೈದಡಿ. ಕಟ್ಟುವಾಗ ಅಜ್ಜನದೇ ಮೇಸ್ತ್ರಿಗಿರಿ. ಮಕ್ಕಳ ಗಾಡಿ ತಳ್ಳುವ ತಾಯಂದಿರು, ಮಂಡಿನೋವಿನವರು, ಈಗ ಎಲ್ಲರೂ ಅದರ ಮೇಲೇ. ಮೆಟ್ಟಿಲು ಖಾಲಿ.

ಸಮಯ ಆಗುತ್ತಾ ಬಂತು ಅಂತ ಗಾಜಿನಾಚೆ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ. ಚರ್ಚಿನಲ್ಲಿ, ಹೆಂಗಸರಿಗೆ ಸಭಾಪಾಲಕ ದೀಕ್ಷೆ 1976ರಿಂದಲೇ ಇದೆ, 2013ರಲ್ಲಿ ಮೊದಲ ಮಹಿಳಾ ಬಿಷಪ್ಪರೂ ಬಂದರು. ಆದರೂ "ನಮ್ಮ ಸಭೆಗೆ ಗಂಡಸರನ್ನೇ ಕಳಿಸಿ" ಅನ್ನುವವರು ಇದ್ದಾರೆ. ಸ್ವಾಮಿ, ಕಳಿಸಿದ ಹೆಣ್ಣುಮಗಳ ಪ್ರಸಂಗ ಒಂದು ಸಲ ಕೇಳಿ, ಆಮೇಲೆ ಮಾತಾಡೋಣ. ಇನ್ನು ಪರಿಸರ. ಸಭೆಯ ಊಟಕ್ಕೆ ಪ್ಲಾಸ್ಟಿಕ್ ತಟ್ಟೆ ಬೇಡ ಅಂತ ಸುಮ್ನೆ ಪ್ರಸಂಗ ಮಾಡಿದರೆ ಆಗುವುದಿಲ್ಲ. ಸ್ಟೀಲ್ ತಟ್ಟೆ ತೊಳೆಯುವವರು ಯಾರು ಅಂತ ಮೊದಲು ಅಡುಗೆಮನೆಯಲ್ಲಿ ಕೇಳಬೇಕು. ನಮ್ಮ ಹುಡುಗರು ಕೇಳಿದರು. ಈಗ ಪಾಳಿ ಪ್ರಕಾರ ಗಂಡಸರೇ ತೊಳೆಯುತ್ತಾರೆ.

ನಮಸ್ಕಾರ.